ಭಾರದ ಎತ್ತು ಓಡುವುದಿಲ್ಲ

ಮನುಷ್ಯ ತನಗೆ ಗೊತ್ತಿಲ್ಲದ್ದರಲ್ಲೇ ಹೆಚ್ಚು ಬುದ್ಧಿ ಹೇಳುತ್ತಾನೆ. ನಾನೂ ಹೇಳಿದೆ. ಅದಕ್ಕೇ ಈಗ ಎಡಗಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಪಡಸಾಲೆಯಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಅಕ್ಷರ ಸೊಟ್ಟಗಿದ್ದರೆ ಇರಲಿ, ಕಾಲೇ ಸೊಟ್ಟಗಾಗಿದೆ.

ಮೊಮ್ಮಗಳು ಕಾವೇರಿಗೆ ಉಗರಗೋಳದಲ್ಲಿ ನರ್ಸ್ ಕೆಲಸ ಸಿಕ್ಕಿತು. ನಮ್ಮ ಮನೋಳಿಯ ಬಸ್ಸಿನ ಹೊತ್ತಿಗೂ ಅವಳ ಪಾಳಿಯ ಹೊತ್ತಿಗೂ ಹೊಂದುವುದಿಲ್ಲ. ಸ್ಕೂಟಿಯ ಸಣ್ಣ ಗಾಲಿ ಮಳೆಯಾದ ದಿನ ನಮ್ಮ ಎರೆಮಣ್ಣಿನಲ್ಲಿ ಹೂತೇ ಹೋಗುತ್ತದೆ. "ಮೋಟರ್‌ಸೈಕಲ್ಲೇ ಬೇಕು ಆಯಿ" ಅಂದಳು. ಅವಳಿಗೆ ಓಡಿಸಲು ಬರುತ್ತಿದ್ದುದು ಹದಿನೈದು ದಿನದಿಂದ. ಅವಳಪ್ಪ, ಅಂದರೆ ನನ್ನ ಮಗ, ಹೋದದ್ದು ಮೋಟರ್‌ಸೈಕಲ್ಲಿನ ಮೇಲೆಯೇ. ಹಗುರ ಗಾಡಿ, ಗಾಳಿಯಂತೆ ಓಡುತ್ತಿತ್ತು. ಒಂದು ತಿರುವಿನಲ್ಲಿ ತಿರುಗಲಿಲ್ಲ. ಬೇಡ ಅಂದರೆ ಹುಡುಗಿಯ ನೌಕರಿ ಹೋಗುತ್ತದೆ. ಹೂಂ ಅಂದರೆ ಏನು ಹೋಗುತ್ತದೋ. ಕಡೆಗೆ, "ಹೂಂ. ಆದರ ಗಾಡಿ ಆರಿಸಾಕಿ ನಾನು" ಅಂದೆ.

ಬೈಲಹೊಂಗಲದ ದನದ ಪೇಟೆಯಲ್ಲಿ ನಾನು ಬೆನ್ನು ತಟ್ಟಿ ನೋಡದೆ ನಮ್ಮ ಯಜಮಾನರು ಒಂದು ಎತ್ತನ್ನೂ ತಂದವರಲ್ಲ. ಹೊಸಬರ ಕೈಗೆ ಹಗುರ ಹೋರಿ ಕೊಡಬಾರದು, ಭಾರದ ಎತ್ತು ಓಡುವುದಿಲ್ಲ: ನನಗೆ ತಿಳಿದ ವಿದ್ಯೆ ಇಷ್ಟೇ. ಸವದತ್ತಿಯ ಅಂಗಡಿಯಲ್ಲಿ ಒಂದೊಂದು ಗಾಡಿಯ ಸೊಂಟ ಅಲುಗಾಡಿಸಿ ನೋಡಿದೆ.

"ಏನ್ ನೋಡಾಕತ್ತೀರಿ ಅಜ್ಜಿ?" ಅಂದ ಅಂಗಡಿಯವ.

"ಎಲ್ಲಾದಕಿಂತ ಭಾರ ಯಾವುದೈತಿ?"

"ಭಾರಾ? ಮಂದಿ ಮೈಲೇಜ್ ಕೇಳತಾರ್ರೀ!"

"ಮಂದಿ ಕೇಳ್ಲಿ. ನೀ ಭಾರದ್ದು ತೋರಸು."

ಅಷ್ಟರಲ್ಲಿ ಕಾವೇರಿ ಒಂದು ಸಾಧಾರಣ ಗಾಡಿಯ ಮೇಲೆ ಕುಳಿತಿದ್ದಳು. "ಇದು ನನಗ ಬರೋಬ್ಬರಿ ಐತಿ ಆಯಿ. ಎರಡೂ ಕಾಲು ನೆಲಕ್ಕ ಮುಟ್ಟತಾವ."

"ಮ್ಯಾಲೆ ಕುಂತಾಗ ಕಾಲು ನೆಲಕ್ಕ ಮುಟ್ಟಿದ್ರ ಅದು ಎತ್ತಲ್ಲ, ಆಡು!"

ಅವಳು ನನ್ನ ಮುಖವನ್ನೇ ನೋಡಿದಳು. "ಅಪ್ಪನ ಗಾಡಿ ನೆನಪಾತೇನು?" ಅಂದಳು ಮೆಲ್ಲಗೆ. ನಾನು ಗೋಡೆ ನೋಡಿದೆ. ಅವಳು ಸುಮ್ಮನೆ ಇಳಿದು ಬಂದು ಭಾರದ್ದಕ್ಕೇ ಒಪ್ಪಿಕೊಂಡಳು.

ಮನೆಗೆ ಬಂದ ಹೊಸ ಎತ್ತಿನ ಕಾಲಿಗೆ ನೀರು ಹಾಕುವುದು ನಮ್ಮ ಪದ್ಧತಿ. ಬಸ್ಸಿನಲ್ಲಿ ಮೊದಲೇ ಬಂದು ಕಾಯುತ್ತಿದ್ದ ನಾನು, ಕಾವೇರಿ ಗಾಡಿ ತಂದು ನಿಲ್ಲಿಸಿ ಇಳಿಯುವ ಮೊದಲೇ ಮುಂದಿನ ಗಾಲಿಗೆ ಒಂದು ಕೊಡ ನೀರು ಸುರಿದೆ. ಅಂಗಳದ ಕಲ್ಲು ನೆನೆಯಿತು. ಹುಡುಗಿಯ ತುದಿಬೆರಳಷ್ಟೇ ನೆಲಕ್ಕೆ ಮುಟ್ಟಿತ್ತು, ಅದೂ ಜಾರಿತು. ಗಾಡಿ ನನ್ನ ಕಡೆ ವಾಲಿತು. ನಾನು ಎತ್ತಿಗೆ ಹೇಳುವಂತೆ "ಹೋ! ಹೋ!" ಎಂದು ಕೈ ಚಾಚಿದೆ. ಅದು ಕೇಳಲಿಲ್ಲ. ಕಾವೇರಿ ಹಾರಿಕೊಂಡಳು. ಗಾಡಿಗೆ ಒಂದು ಗೀರೂ ಬೀಳಲಿಲ್ಲ, ನನ್ನ ಕಾಲ ಮೇಲೆ ಬಿದ್ದಿತಲ್ಲ! ಭಾರದ ಎತ್ತು ಓಡುವುದಿಲ್ಲ, ನಿಜ. ಮಲಗುತ್ತದೆ.

ಅಂಗಡಿಯವ ಗೊಣಗುತ್ತಲೇ ಗಾಡಿ ಬದಲಿಸಿಕೊಟ್ಟ. ಈಗ ಕಾವೇರಿ ಆ ಆಡಿನ ಮೇಲೆಯೇ ಕೆಲಸಕ್ಕೆ ಹೋಗುತ್ತಾಳೆ. ಸದ್ದು ಊರ ಹೊರಗಿನ ತಿರುವಿನ ತನಕ ಕೇಳುತ್ತದೆ, ಆಮೇಲೆ ಇಲ್ಲ. ಸಂಜೆಯ ತನಕ ಪ್ಲಾಸ್ಟರಿನೊಳಗೆ ಕಾಲು ತುರಿಸುತ್ತದೆ, ಕೆರೆದುಕೊಳ್ಳಲು ಬರುವುದಿಲ್ಲ. ಓಣಿಯ ಹೆಂಗಸರು, "ಕಾಲು ಭಾಳ ನೂಸತೈತೇನಬೇ?" ಎಂದು ಕೇಳುತ್ತಾರೆ. ಹೂಂ ಅನ್ನುತ್ತೇನೆ. ಮುರಿದ ಕಾಲಿನ ಹೆಸರು ಹೇಳಿ ದಿನವಿಡೀ ಬಾಗಿಲು ನೋಡುತ್ತ ಕುಳಿತರೆ ಯಾರೂ ಹೆದರುಪುಕ್ಕಲಿ ಅನ್ನುವುದಿಲ್ಲ. ಆ ಭಾರದ ಎತ್ತಿನಿಂದ ಅಷ್ಟು ಉಪಕಾರವಾಯಿತು. ಪ್ಲಾಸ್ಟರ್ ಬಿಚ್ಚಿದ ಮೇಲೆ ಏನು ನೆಪ ಹೇಳಲಿ ಎಂಬುದೇ ಈಗಿನ ಚಿಂತೆ.