ಷಡ್ಡಕನ ಎಂ.ಎ. ಮತ್ತು ಅವರಪ್ಪನ ವರ್ಗಾವಣೆ

‘ನಮ್ಮ ತಂದೆಯವರ ವಾಸಸ್ಥಳ ಬದಲಾಗಿರುವುದರಿಂದ ನನ್ನನ್ನು ಬೇರೆ ಕಾಲೇಜಿಗೆ ವರ್ಗಾಯಿಸಬೇಕು’ ಎಂದು ವಿಶ್ವವಿದ್ಯಾನಿಲಯಕ್ಕೆ ಅರ್ಜಿ ಹಾಕಿದ ವಿದ್ಯಾರ್ಥಿಗಳಲ್ಲಿ ನನ್ನ ಷಡ್ಡಕನಷ್ಟು ತಲೆ ನೆರೆತವನು ಇನ್ನೊಬ್ಬನಿರಲಾರ. ಅವನಿಗೆ ಅರವತ್ತೆರಡು. ಅವನಿಗಿಂತ ಹಿರಿಯ ವಿದ್ಯಾರ್ಥಿ ಯಾರಾದರೂ ನಿಮಗೆ ಗೊತ್ತಿದ್ದರೆ ತಿಳಿಸಿ, ಇಬ್ಬರನ್ನೂ ಒಂದೇ ಬೆಂಚಿನಲ್ಲಿ ಕೂರಿಸೋಣ.

ಅವನು ನನ್ನ ಹೆಂಡತಿಯ ತಂಗಿಯ ಗಂಡ. ಷಡ್ಡಕನನ್ನು ಯಾರೂ ತಾವಾಗಿ ಆರಿಸಿಕೊಳ್ಳುವುದಿಲ್ಲ. ಮಾವನವರು ಆರಿಸಿದ್ದನ್ನು ಅನುಭವಿಸುತ್ತೇವೆ. ನಾನು ಮಠದ ಹಾಸ್ಟೆಲಿನಲ್ಲಿ ಗಂಟೆ ಹೊಡೆದಾಗ ಎದ್ದು, ಗಂಟೆ ಹೊಡೆದಾಗ ಉಂಡು ಬೆಳೆದವನು. ಆಮೇಲೆ ಪಿ.ಟಿ. ಮೇಷ್ಟ್ರಾಗಿ ಊರಿನ ಮಕ್ಕಳಿಗೆಲ್ಲ ಸೀಟಿ ಊದಿದವನು. ಕುಣಿಗಲ್ಲಿನ ನಮ್ಮ ಮನೆಯಲ್ಲಿ ಇಂದಿಗೂ ಊಟ ಏಳೂವರೆಗೆ, ದೀಪ ಆರುವುದು ಒಂಬತ್ತಕ್ಕೆ. ಅವನೋ, ಮಾರ್ಕೋನಹಳ್ಳಿ ಅಣೆಕಟ್ಟೆಯಲ್ಲಿ ಗೇಟು ಎತ್ತಿ ಇಳಿಸಿ ನಿವೃತ್ತನಾಗಿ ಗುಬ್ಬಿಯಲ್ಲಿ ನೆಲೆಸಿದವನು. ನೀರು ಬಂದರೆ ಕೆಲಸ, ಬರದಿದ್ದರೆ ನಿದ್ದೆ. ಇಂಥವನು ಒಂದು ದಿನ ನಮ್ಮ ಮನೆಗೆ ಬಂದು, ಕಾಫಿ ಕುಡಿದು, ತುಮಕೂರಿನಲ್ಲಿ ಕನ್ನಡ ಎಂ.ಎ.ಗೆ ಸೇರುತ್ತಿದ್ದೇನೆ ಎಂದ. ನನ್ನ ಹೆಂಡತಿ ಅವನ ಹಣೆ ಮುಟ್ಟಿ ನೋಡುವುದೊಂದು ಬಾಕಿ!

ಎಂ.ಎ.ಗೆ ಸೇರುವುದು ಹೆಣ್ಣು ತರುವುದಕ್ಕಿಂತ ಕಷ್ಟ ಎಂಬುದು ಆಗ ನಮಗೆ ತಿಳಿಯಿತು. ಅವನು ಬಿ.ಎ. ಮಾಡಿದ್ದು ಕೆಲಸದಲ್ಲಿದ್ದಾಗ, ಅಂಚೆಯ ಮೂಲಕ, ಬೇರೊಂದು ವಿಶ್ವವಿದ್ಯಾನಿಲಯದಲ್ಲಿ. ಆದ್ದರಿಂದ ಆ ವಿಶ್ವವಿದ್ಯಾನಿಲಯ ‘ಇವನನ್ನು ಬಿಟ್ಟುಕೊಟ್ಟಿದ್ದೇವೆ’ ಎಂದು ಬರೆದುಕೊಡುವ ಮೈಗ್ರೇಷನ್ ಸರ್ಟಿಫಿಕೇಟ್ ಬೇಕಿತ್ತು.

“ನಾನು ಇಷ್ಟು ವರ್ಷ ಅವರತ್ರ ಇದ್ದೆ ಅಂತ ಅವರಿಗೇ ಗೊತ್ತಿರ್ಲಿಲ್ಲ ಅಣ್ಣ. ಈಗ ಬಿಟ್ಕೊಡಾಕೆ ಫೀಸು ಕೇಳ್ತಾವ್ರೆ,” ಎಂದು ನೊಂದುಕೊಂಡ.

ಆಮೇಲೆ ನಡತೆ ಪ್ರಮಾಣಪತ್ರ. ಪಿ.ಯು.ಸಿ. ಕಾಲದ ಹಳೆಯದೊಂದು ಅವನ ಬಳಿ ಇತ್ತು. ಅದರಲ್ಲಿ ‘ತೃಪ್ತಿಕರ’ ಎಂದೂ ಇತ್ತು. ಅದನ್ನೇ ಕೊಟ್ಟರೆ ಸಾಕೆಂದು ಕಚೇರಿಯವರು ಹೇಳಿದರೂ ಇವನು ಕೇಳಬೇಕಲ್ಲ! ಅದನ್ನು ಬರೆದ ಪ್ರಿನ್ಸಿಪಾಲರು ತೀರಿಕೊಂಡು ಎಷ್ಟೋ ಕಾಲವಾಗಿದೆ, ಆಮೇಲೆ ನಾನೆಷ್ಟು ಕೆಟ್ಟಿದ್ದೇನೋ ಅವರಿಗೆ ಹೇಗೆ ಗೊತ್ತು ಎಂಬುದು ಇವನ ವಾದ. ಹೊಸದನ್ನು ನಾನೇ ಬರೆಯಬೇಕಂತೆ, ನಿವೃತ್ತ ಮೇಷ್ಟ್ರು ಎಂಬ ಕಾರಣಕ್ಕೆ. ಗುಬ್ಬಿಯ ಅವನ ಮನೆಯಲ್ಲಿ ನಾನು ಪೆನ್ನು ಹಿಡಿದು ಯೋಚಿಸುತ್ತಿದ್ದಾಗ ಒಳಗಿನಿಂದ ಅವನ ಹೆಂಡತಿಯ ದನಿ ಬಂತು: “ಭಾವ, ‘ತೃಪ್ತಿಕರ’ ಅಂತ ಬರೀಬ್ಯಾಡಿ. ‘ಪರವಾಗಿಲ್ಲ’ ಅಂತ ಬರೀರಿ, ಸಾಕು.”

ಇಷ್ಟರಲ್ಲೇ ಮುಗಿಯಲಿಲ್ಲ. ಕಿರಿಯರನ್ನು ರ‍್ಯಾಗಿಂಗ್ ಮಾಡುವುದಿಲ್ಲ ಎಂದು ವಿದ್ಯಾರ್ಥಿ ಮಾತ್ರವಲ್ಲ, ಅವನ ತಂದೆತಾಯಿಯೂ ಮುಚ್ಚಳಿಕೆ ಬರೆದುಕೊಡಬೇಕೆಂಬುದು ನಿಯಮ. ಬೇರೆ ಯಾರಾದರೂ ಆಗಿದ್ದರೆ ಗುಮಾಸ್ತರೊಂದಿಗೆ ನಕ್ಕು ಆ ಕಾಗದವನ್ನು ಬದಿಗಿಡುತ್ತಿದ್ದರು. ಇವನು ಅದನ್ನು ಮನೆಗೆ ತಂದು ನನ್ನೆದುರಿಗೇ ಅಪ್ಪನ ಮುಂದಿಟ್ಟ. ಎಂಬತ್ತೊಂಬತ್ತರ ಅವರು ಕಡಬದ ಶಾಲೆಯಲ್ಲಿ ಮೇಷ್ಟ್ರಾಗಿದ್ದವರು. ಕಣ್ಣು ಈಗ ಪೂರ್ತಿ ಹೋಗಿದೆ, ಗತ್ತು ಹೋಗಿಲ್ಲ. ಓದಿ ಹೇಳು ಎಂದರು. ಓದಿದ. ಮತ್ತೊಮ್ಮೆ ಓದಿಸಿದರು.

“ಇವನು ಕಿರಿಯರ ತಂಟೆಗೆ ಹೋಗಲ್ಲ ಅಂತ ನಾನು ಹೆಂಗಪ್ಪ ಬರ್ಕೊಡ್ಲಿ? ಸಣ್ಣೋನಿದ್ದಾಗ ತಮ್ಮನ್ನ ಕಣಜದೊಳಗೆ ಕೂರ್ಸಿ ಮುಚ್ಚಿಟ್ಟಿದ್ದ,” ಎಂದು ನನ್ನ ಕಡೆ ತಿರುಗಿದರು. ಕೊನೆಗೆ ಮಗನಿಂದ ಮಾತು ತೆಗೆದುಕೊಂಡು, ಅವನು ಕೈಹಿಡಿದು ತೋರಿಸಿದ ಜಾಗದಲ್ಲಿ ಸಹಿ ಹಾಕಿದರು. ಕಣ್ಣಿಲ್ಲದಿದ್ದರೂ ಅಕ್ಷರ ಮುತ್ತಿನಂತಿತ್ತು.

ಅಂತೂ ಸೀಟು ಸಿಕ್ಕಿತು. ಗುಬ್ಬಿಯಿಂದ ದಿನಾ ತುಮಕೂರಿಗೆ ಹೋಗಿಬರುವುದು. ಹೊತ್ತುಗೊತ್ತಿಲ್ಲದ ಮನುಷ್ಯ ಒಂದು ತರಗತಿಯನ್ನೂ ತಪ್ಪಿಸುತ್ತಿರಲಿಲ್ಲ. ಶೇಕಡಾ ಎಪ್ಪತ್ತೈದು ಹಾಜರಿ ಇದ್ದರೆ ಸಾಕು, ಉಳಿದ ಕಾಲು ಭಾಗ ಸರ್ಕಾರವೇ ಕೊಟ್ಟ ರಜೆ ಎಂದು ಜೊತೆಯ ಹುಡುಗಿಯರು ಬುದ್ಧಿ ಹೇಳಿದರೂ ಬಗ್ಗಲಿಲ್ಲ. ನಮ್ಮ ಮನೆಯ ಒಂದು ಮದುವೆಯಲ್ಲಿ ಧಾರೆ ಮುಗಿದ ತಕ್ಷಣ, ಊಟಕ್ಕೂ ನಿಲ್ಲದೆ, ಛಂದಸ್ಸಿನ ಪಾಠವಿದೆ ಎಂದು ಹೊರಟೇಹೋದ. ಹೋಳಿಗೆ ಬಿಟ್ಟು ಛಂದಸ್ಸಿನ ಹಿಂದೆ ಓಡಿದವನನ್ನು ನಾನು ಅವತ್ತೇ ಮೊದಲು ಕಂಡದ್ದು. ತರಗತಿಯಲ್ಲೂ ಅವನದೇ ಒಂದು ಕ್ರಮವಂತೆ. ತನ್ನ ಮಗನಿಗಿಂತ ಚಿಕ್ಕವಯಸ್ಸಿನ ಅಧ್ಯಾಪಕರನ್ನು ತಡೆದು, ಇನ್ನೊಂದು ಸಲ ನಿಧಾನವಾಗಿ ಹೇಳಿ ಸಾರ್ ಎನ್ನುವುದು. ಮಾರನೆಯ ದಿನ ಹಿಂದಿನ ಪಾಠದ ಬಗ್ಗೆ ಅವರೇ ತಬ್ಬಿಬ್ಬಾಗುವಂಥ ಪ್ರಶ್ನೆ ತರುವುದು. ಇವನಿಗೆ ಇಷ್ಟು ಬುದ್ಧಿ ಎಲ್ಲಿತ್ತು ಎಂದು ನಾನು ಬೆರಗಾದೆ. ಅಣೆಕಟ್ಟೆಯ ಗೇಟಿನ ಹಿಂದೆ ಇಷ್ಟು ವರ್ಷ ನಿಂತಿತ್ತೇನೋ ಎಂದುಕೊಂಡೆ.

ಹೀಗಿರುವಾಗ ಯುಗಾದಿ ಬಂತು. ಅವರ ಮನೆಯಲ್ಲಿ ಅಪ್ಪನದು ಸರದಿ. ದೀಪಾವಳಿಯಿಂದ ಯುಗಾದಿಯವರೆಗೆ ಗುಬ್ಬಿಯಲ್ಲಿ ಹಿರಿಮಗನ ಹತ್ತಿರ, ಯುಗಾದಿಯಿಂದ ದೀಪಾವಳಿಯವರೆಗೆ ಕುಣಿಗಲ್ಲಿನಲ್ಲಿ ಕಿರಿಮಗನ ಹತ್ತಿರ. ಮಕ್ಕಳು ಮಾಡಿದ ಏರ್ಪಾಟಲ್ಲ, ಅಪ್ಪನೇ ಹಾಕಿಕೊಟ್ಟ ಕಟ್ಟಳೆ. ಒಂದು ದಿನ ಆಚೀಚೆಯಾದರೂ ಅವರು ಒಪ್ಪುವವರಲ್ಲ. ಬೇವುಬೆಲ್ಲ ತಿಂದು, ಹೋಳಿಗೆ ಉಂಡು, ಮಾರನೆಯ ಬೆಳಿಗ್ಗೆ ಅವರು ಕುಣಿಗಲ್ಲಿಗೆ ಹೋದರು. ಅದಾದ ವಾರಕ್ಕೆ ನನ್ನ ಷಡ್ಡಕ ನಿಯಮಗಳ ಪುಸ್ತಕ ಹಿಡಿದು ನಮ್ಮ ಮನೆಗೆ ಬಂದ. ತಂದೆತಾಯಿಯ ವಾಸಸ್ಥಳ ಬದಲಾದರೆ ವಿದ್ಯಾರ್ಥಿ ಅದೇ ವಿಶ್ವವಿದ್ಯಾನಿಲಯದ ಇನ್ನೊಂದು ಕಾಲೇಜಿಗೆ ವರ್ಗ ಕೇಳಬಹುದು ಎಂದಿತ್ತು. ಕುಣಿಗಲ್ಲಿನಲ್ಲೂ ಕನ್ನಡ ಎಂ.ಎ. ಇದೆ. ನನಗೆ ವರ್ಗ ಸಿಗಲೇಬೇಕು ಅಣ್ಣ, ನೀವೂ ಕಚೇರಿಗೆ ಬನ್ನಿ ಎಂದ. ಅವನು ಇಷ್ಟು ಗಂಭೀರವಾಗಿದ್ದದ್ದನ್ನು ನಾನು ಅವನ ಮದುವೆಯಲ್ಲೂ ಕಂಡಿರಲಿಲ್ಲ.

ಕಾರಣ ಕೇಳಿದರೆ ಹೇಳಲಿಲ್ಲ. ತಮ್ಮನ ಮನೆಯಲ್ಲೇ ಇದ್ದುಕೊಂಡು ತುಮಕೂರಿಗೆ ಓಡಾಡಬಹುದಲ್ಲ ಎಂದೆ. ಅದಕ್ಕೆ ಮಾತ್ರ ಉತ್ತರ ತಯಾರಿತ್ತು. “ಅವನ ಸರದೀಲಿ ನಾನು ಹೋಗಿ ಠಿಕಾಣಿ ಹಾಕಿದ್ರೆ ಜನ ಏನಂತಾರೆ? ತಮ್ಮ ಸರಿಯಾಗಿ ನೋಡ್ಕಳಲ್ಲ ಅಂತ ಅಣ್ಣ ಕಾವಲಿಗೆ ಬಂದವ್ನೆ ಅಂತಾರೆ.”

ವಿಶ್ವವಿದ್ಯಾನಿಲಯದ ಕಚೇರಿಯಲ್ಲಿ ಆ ವಿಭಾಗ ನೋಡಿಕೊಳ್ಳುವ ಮೇಡಂ ಅರ್ಜಿಯನ್ನು ಓದಿದರು. ಅರ್ಜಿದಾರನ ತಲೆ ನೋಡಿದರು. ಮತ್ತೆ ಅರ್ಜಿ ನೋಡಿದರು.

“ಯಜಮಾನ್ರೇ, ಈ ನಿಯಮ ತಂದೆತಾಯಿ ಜೊತೇಲಿರೋ ಮಕ್ಕಳಿಗೆ.”

“ನಾನೂ ಜೊತೇಲೇ ಇದ್ದೆ ಮೇಡಂ. ಯುಗಾದಿವರ್ಗೂ.”

ಅವರು ನಗು ತಡೆದುಕೊಂಡರು. “ನಿಮ್ಮ ತಂದೆ ಕುಣಿಗಲ್‌ಗೆ ಹೋದ್ರೆ ನಿಮ್ಮ ಓದಿಗೇನು ತೊಂದ್ರೆ?”

ಷಡ್ಡಕ ನನ್ನ ಮುಖ ನೋಡಿದ, ನೆಲ ನೋಡಿದ. “ಓದ್ತಿರೋದು ಅವರು ಮೇಡಂ. ನಾನು ಕ್ಲಾಸಿಗೆ ಬರೋನು, ಅಷ್ಟೆ.”

ಆಮೇಲೆ ಅವನು ತಡೆದು ತಡೆದು ಹೇಳಿದ್ದು ಇಷ್ಟು. ಅಪ್ಪ ಶಾಲೆಯಲ್ಲಿದ್ದುಕೊಂಡೇ ಬಿ.ಎ. ಮಾಡಿದ್ದರು. ಮೈಸೂರಿನಲ್ಲಿ ಎಂ.ಎ. ಸೀಟೂ ಸಿಕ್ಕಿತ್ತು. ರಜೆ ಸಿಗಲಿಲ್ಲ, ಮದುವೆಗೆ ತಂಗಿಯರಿದ್ದರು, ಮುಂದಿನ ವರ್ಷ ನೋಡೋಣ ಎಂದರು. ಮುಂದಿನ ವರ್ಷಗಳು ಹಾಗೇ ಮುಂದೆ ಹೋದವು. ನಿವೃತ್ತಿಯಾಗುವ ಹೊತ್ತಿಗೆ ಕಣ್ಣು ಮಂಜಾಗಿತ್ತು. ಇವನು ನಿವೃತ್ತನಾದ ಮೇಲೆ, ಕಾಶಿಗೆ ಹೋಗಬೇಕಾ, ಧರ್ಮಸ್ಥಳಕ್ಕಾ, ಎಲ್ಲಿಗೆ ಕರೆದುಕೊಂಡು ಹೋಗಲಿ ಎಂದು ಕೇಳಿದ್ದಾನೆ. ಅವರು, ಎಂ.ಎ. ಕ್ಲಾಸಿನಲ್ಲಿ ಏನು ಹೇಳಿಕೊಡುತ್ತಾರೆ ಅನ್ನೋದೊಂದು ಕೇಳಬೇಕಿತ್ತು ಎಂದಿದ್ದಾರೆ. ಅಷ್ಟೇ. ಇವನು ಹೋಗಿ ಸೇರಿದ್ದಾನೆ. ತುಮಕೂರಿನಲ್ಲಿ ಹಗಲು ಕೇಳಿದ ಪಾಠ ಗುಬ್ಬಿಯಲ್ಲಿ ಸಂಜೆ ಅಪ್ಪನಿಗೆ. ತರಗತಿಯಲ್ಲಿ ಕೇಳುತ್ತಿದ್ದ ಪ್ರಶ್ನೆಗಳೂ ಅವರವೇ. ಯುಗಾದಿಯಾದ ಮೇಲೆ ಪಾಠ ನಿಂತಿತ್ತು. ಫೋನಿನಲ್ಲಿ ಪ್ರಯತ್ನ ಮಾಡಿದ್ದ. ಹಳಗನ್ನಡ ಫೋನಿನಲ್ಲಿ ಅಪ್ಪನ ಕಿವಿಗೆ ಹತ್ತಲಿಲ್ಲ.

ಮೇಡಂ ಈಗ ನಗುತ್ತಿರಲಿಲ್ಲ. ನಿಯಮವನ್ನು ಬಿಡಿಸಿ ಹೇಳಿದರು. ವರ್ಗ ಕೊಡುವುದು ಎರಡನೇ ವರ್ಷದ ಆರಂಭದಲ್ಲಿ ಮಾತ್ರ. ಅಲ್ಲಿ ಸೀಟು ಖಾಲಿ ಇರಬೇಕು. ಎರಡೂ ಕಾಲೇಜಿನವರು ಒಪ್ಪಬೇಕು. ಎಲ್ಲ ಮುಗಿದು ಆದೇಶ ಬರುವಾಗ ದೀಪಾವಳಿ ಹತ್ತಿರವಾಗುತ್ತದೆ.

ದೀಪಾವಳಿಗೆ ಅಪ್ಪ ಗುಬ್ಬಿಗೆ ವಾಪಸ್!

“ಎಂಬತ್ತೊಂಬತ್ತು ವರ್ಷ ಮೇಡಂ,” ಎಂದ ಷಡ್ಡಕ. “ಮುಂದಿನ ಸೆಮಿಸ್ಟರ್ ನೋಡಾಣ ಅಂತ ಅವರಿಗೆ ಹೇಳಾಕೆ ನಂಗೆ ಬಾಯಿ ಬರಲ್ಲ.”

ಮೇಡಂ ನಿಯಮಗಳ ಪುಸ್ತಕವನ್ನು ಇನ್ನೊಮ್ಮೆ ತಿರುವಿ ನೋಡಿದರು. ಆದರೆ ನಿಯಮ ನಿಯಮವೇ. ಅದನ್ನು ಬಗ್ಗಿಸಿ ಎಂದು ಜೀವಮಾನವಿಡೀ ಸೀಟಿ ಊದಿದ ನಾನು ಯಾವ ಮುಖದಲ್ಲಿ ಕೇಳಲಿ? ಅರ್ಜಿ ವಾಪಸ್ ತೆಗೆದುಕೊಂಡು ಕ್ಯಾಂಟೀನಿನಲ್ಲಿ ಕೂತೆವು. ಅವನು ಕಾಫಿ ಮುಟ್ಟಲಿಲ್ಲ. ಬಗ್ಗಿಸಬಹುದಾದ ನಿಯಮ ಯಾವುದಿದೆ ಎಂದು ನಾನು ಯೋಚಿಸಿದೆ.

“ಕ್ಲಾಸು ಮುಗಿಸ್ಕೊಂಡು ಕುಣಿಗಲ್ ಬಸ್ಸು ಹತ್ತು. ಅಪ್ಪನಿಗೆ ಪಾಠ ಹೇಳಿ ನಮ್ಮನೆಗೆ ಬಾ. ದೀಪಾವಳಿವರೆಗೂ ಅಲ್ಲೇ ಇರು,” ಎಂದೆ. “ಊಟ ಏಳೂವರೆಗೆ.”

“ಏಳೂವರೆಗೆ ಪಾಠ ಮುಗೀದಿದ್ರೆ, ಅಣ್ಣ?”

ನಾನು ಒಂದು ಗುಟುಕು ಕಾಫಿ ಕುಡಿದೆ. “ಎಂಟಕ್ಕೆ ಇಟ್ಕಳಾಣ.”

ನಮ್ಮ ಮನೆಯ ಕಟ್ಟಳೆಗೆ ಇದು ಮೊದಲ ತಿದ್ದುಪಡಿ. ಸುದ್ದಿ ಕೇಳಿ ನನ್ನ ಹೆಂಡತಿ ಈ ಬಾರಿ ನನ್ನ ಹಣೆಯನ್ನೇ ಮುಟ್ಟಿ ನೋಡಿದಳು.

ಮಾರನೆಯ ಸಂಜೆ ಬಸ್ ಸ್ಟ್ಯಾಂಡಿನಿಂದ ಅವನ ಜೊತೆ ನಾನೂ ಅವನ ತಮ್ಮನ ಮನೆಗೆ ಹೋದೆ. ಹಿರಿಯರು ನಡುಮನೆಯಲ್ಲಿ ಕುರ್ಚಿಯ ಮೇಲೆ ಕೂತಿದ್ದರು. ಗಡ್ಡ ಹೆರೆಸಿಕೊಂಡಿದ್ದರು. ಒಗೆದ ಅಂಗಿಗೆ ಕೊರಳಿನವರೆಗೂ ಗುಂಡಿ ಹಾಕಿತ್ತು. ಮಧ್ಯಾಹ್ನದಿಂದ ಹೀಗೇ ಕೂತಿದ್ದಾರೆ ಎಂದಳು ಕಿರಿಸೊಸೆ.

“ಅಪ್ಪಾಜಿ,” ಎಂದ ಷಡ್ಡಕ ಬಾಗಿಲಲ್ಲಿ.

ದನಿ ಕೇಳಿದ ಕೂಡಲೇ ಅವರು ಕುರ್ಚಿಯ ಕೈ ತಡಕಿ, ಊರಿಕೊಂಡು, ನಡುಗುತ್ತ ಎದ್ದರು. ಎದ್ದು ನೇರ ನಿಂತು, ಶಾಲೆಯ ಮಕ್ಕಳ ಹಾಗೆ ಎದೆಯ ಮೇಲೆ ಕೈಕಟ್ಟಿದರು.

“ಕೂತ್ಕಳಿ ಅಪ್ಪಾಜಿ.”

“ನೀನು ಮೊದ್ಲು ಕೂತ್ಕೊ,” ಎಂದರು.

ಮಗ ಚಾಪೆಯ ಮೇಲೆ ಕೂತು, ಪುಸ್ತಕ ಬಿಡಿಸಿದ ಸದ್ದು ಕೇಳುವವರೆಗೂ ಅವರು ಕೂರಲಿಲ್ಲ.