ಡಿಬಗ್ಗರಿನಲ್ಲಿ ಕೂತ ಸಿಡುಕ

ಮಿಷನ್ನು ನಾವು ಹೇಳಿದ್ದು ಕೇಳ್ಕೊಂಡು ಬಿದ್ದಿರ್ತದೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಹುಣಸೂರಿನ ಪುಟ್ಟ ಆಫೀಸಿನಲ್ಲಿ ಕೂತು, ಹೊಗೆಸೊಪ್ಪು ಬೇಯಿಸೋ ಮನೆಗಳ, ಅಂದ್ರೆ ಬ್ಯಾರನ್‌ಗಳ ಬಿಸಿ ನೋಡ್ಕೊಳ್ಳೋ ಡಬ್ಬಿಗೆ ಪ್ರೋಗ್ರಾಮ್ ಬರೆಯೋನು ನಾನು. ನನ್ನ ಮರ್ಯಾದೆ ತೆಗೆಯೋದೇ ಅದಕ್ಕೆ ಕೆಲಸ.

ಎಲ್ಲಾ ಆಬ್ಜೆಕ್ಟೇ

ಡಬ್ಬಿಯೊಳಗೆ ಬಿಸಿ ಅಳೆಯೋದು ಸಿ ಭಾಷೆ. ಫ್ಯಾನ್ ಹಾಕ್ಬೇಕೋ ಬೇಡ್ವೋ ಅಂತ ತೀರ್ಮಾನ ಮಾಡೋದು ಅದರ ಹೊಟ್ಟೇಲಿ ಕೂರಿಸಿರೋ ಇನ್ನೊಂದು ಭಾಷೆ, ಜಾವಾಸ್ಕ್ರಿಪ್ಟು. ತಪ್ಪು ಹುಡುಕೋಕೆ ಡಿಬಗ್ಗರ್ ತೆಗೆದ್ರೆ, ಜಾವಾಸ್ಕ್ರಿಪ್ಟಿನ ಸಾಮಾನೆಲ್ಲ ಬಿಚ್ಚಿ ತೋರಿಸ್ತದೆ. ಸಿ ಕಡೆಯಿಂದ ಬಂದ ಬ್ಯಾರನ್‌ಗಳು ಮಾತ್ರ ಹೆಸರಿಲ್ದೆ ಸಾಲಾಗಿ ‘ಆಬ್ಜೆಕ್ಟ್, ಆಬ್ಜೆಕ್ಟ್, ಆಬ್ಜೆಕ್ಟ್’. ಯಾವುದು ಯಾರದು ಆ ದೇವರಿಗೇ ಗೊತ್ತು.

ನಮ್ಮ ಆಫೀಸಿನ ಯಜಮಾನ್ರು ಹಿಂದಿನಿಂದ ಇಣುಕಿ, “ಏನ್ರೀ, ಎಲ್ಲರೂ ಆಬ್ಜೆಕ್ಷನ್ ಎತ್ತವ್ರಾ?” ಅಂದ್ರು.

ನೋಡಿದ್ರೆ ಬಡ್ಕೋತದೆ

ಇದಕ್ಕೊಂದು ಉಪಾಯ ಉಂಟು. ‘ನಿನ್ನ ಹೆಂಗೆ ತೋರಿಸ್ಲಿ?’ ಅಂತ ಡಿಬಗ್ಗರ್ ಕೇಳಿದಾಗ ಉತ್ತರ ಕೊಡೋ ಒಂದು ಪುಟ್ಟ ಫಂಕ್ಷನ್ನನ್ನು ಬ್ಯಾರನ್‌ಗೆ ಕಟ್ಟಬಹುದು. ಕಟ್ಟಿದೆ. ಅವಸರಕ್ಕೆ ಅದರೊಳಗೆ, ಬಿಸಿ ಜಾಸ್ತಿಯಾದ್ರೆ ಸೈರನ್ ಹೊಡೆಯೋ ಫಂಕ್ಷನ್ನನ್ನೇ ಕರೆದುಬಿಟ್ಟಿದ್ದೆ. ಮೌಸು ತಗೊಂಡೋಗಿ ಪರದೇಲಿರೋ ಬ್ಯಾರನ್ ಮೇಲಿಟ್ರೆ ಸಾಕು, ಮೇಜಿನ ಮೇಲಿದ್ದ ಡಬ್ಬಿ ಬೀದಿಗೆಲ್ಲ ಕೇಳೋಹಂಗೆ ಅರಚ್ತಿತ್ತು.

ಪಕ್ಕದ ಟೈಲರ್ ಅಂಗಡಿ ಅಕ್ಕ ಬಂದು ನಿಂತು ನೋಡಿದ್ರು. “ನೀವು ಅಂಗೆ ದಿಟ್ಟಿಸಿ ನೋಡ್ಬ್ಯಾಡಿ ಕಣಣ್ಣ. ಅದಕ್ಕೆ ನಾಚ್ಕೆ ಆಯ್ತದೇನೋ.”

ಎಲ್ಲರೂ ಮಾದೇಗೌಡ್ರು

ಸೈರನ್ ಬಾಯಿ ಮುಚ್ಚಿಸಿ, ‘ಆಬ್ಜೆಕ್ಟ್’ ಜಾಗದಲ್ಲಿ ಬ್ಯಾರನ್ ಯಜಮಾನರ ಹೆಸರು ಬರೋಹಂಗೆ ಮಾಡಿದೆ. ಪಿರಿಯಾಪಟ್ಟಣದ ಕಡೆ ಒಂದೂರಲ್ಲಿ ಡಬ್ಬಿ ಹಾಕಿದ್ವಿ. ಡಿಬಗ್ಗರ್ ತೆಗೆದ್ರೆ ‘ಮಾದೇಗೌಡ, ಮಾದೇಗೌಡ, ಮಾದೇಗೌಡ’. ಎಲ್ಲಿಂದ ಹೊರಟಿದ್ನೋ ಅಲ್ಲಿಗೇ ಬಂದು ನಿಂತಿದ್ದೆ.

ಊರೋರು ಇವರನ್ನ ಹೆಂಗೆ ಗುರುತು ಹಿಡೀತಾರೆ ಅಂತ ಟೀ ಅಂಗಡೀಲಿ ವಿಚಾರಿಸಿದೆ. ಅಡ್ಡಹೆಸರಿಂದ ಅಂದ್ರು. ಒಬ್ರು ಬುಲೆಟ್ಟು, ಒಬ್ರು ಕೊಕ್ಕರೆ, ಊರಿಗೆ ಹಿರಿಯರಾದವರು ಸಿಡುಕ. ಅವೇ ಹೆಸರು ಹಾಕಿದೆ. ನನ್ನ ಡಿಬಗ್ಗರ್ ಬೇರೆ ಯಾರು ನೋಡ್ತಾರೆ?

ಬಿಸಿ ಏರುತ್ತಿದೆ

ಆ ಹಿರಿಯ ಗೌಡ್ರು ಹೂಂ ಅಂದ್ರೆ ಊರೆಲ್ಲ ಡಬ್ಬಿ ಇಟ್ಕೊಳ್ತದೆ, ಬ್ಯಾಡ ಅಂದ್ರೆ ಎಲ್ಲಾ ಕಿತ್ಕೊಂಡು ವಾಪಸ್. ಹಂಗೇನಾದ್ರೂ ಆದ್ರೆ ಬೇರೆ ಕೆಲಸ ನೋಡ್ಕೊಳ್ಳಿ ಅಂತ ನಮ್ಮ ಯಜಮಾನ್ರು ಮೊದಲೇ ಹೇಳಿ ಕಳಿಸಿದ್ರು.

ಅವತ್ತು ಗೌಡ್ರ ಬ್ಯಾರನ್ನಿನ ಫ್ಯಾನೇ ತಿರುಗಲಿಲ್ಲ. ಅವರ ಜಗಲಿ ಮೇಲೆ ಲ್ಯಾಪ್‌ಟಾಪ್ ಬಿಚ್ಚಿ ಡಿಬಗ್ಗರ್ ತೆಗೆದೆ. ಗೌಡ್ರು ಕನ್ನಡಕ ಏರಿಸ್ಕೊಂಡು ಬಗ್ಗಿ, ಅಕ್ಷರ ಕೂಡಿಸಿ ಓದಿದ್ರು: ‘ಸಿಡುಕ. ಬಿಸಿ ಏರುತ್ತಿದೆ.’

“ಯಾರಪ್ಪ ಇವನು ಸಿಡುಕ?”

ಸುತ್ತ ನಿಂತಿದ್ದೋರೆಲ್ಲ ಸೂರು ನೋಡೋಕೆ ಶುರು ಮಾಡಿದ್ರು. ನನ್ನ ಕೆಲಸ ಹೋಯ್ತು ಅಂತಲೇ ಅಂದ್ಕೊಂಡೆ. ಅಷ್ಟರಲ್ಲಿ ಕಾಫಿ ತಂದ ಗೌಡತಿಯಮ್ಮನೂ ಬಗ್ಗಿ ಓದಿದ್ರು. ಗಂಡನ ಹೆಸರು ಯಾವತ್ತೂ ಬಾಯಿಗೆ ತಂದೋರಲ್ಲ ಆಯಮ್ಮ. ಏನಿದ್ರೂ ‘ಇವ್ರು’, ‘ನಮ್ಮೋರು’. ಲೋಟ ಗಂಡನ ಕೈಗೆ ಕೊಟ್ಟು ನಿಧಾನಕ್ಕೆ ಅಂದ್ರು:

“ನಿಮ್ಮೆಸ್ರು ಹೇಳಂಗಿಲ್ಲ ಅಂತ ಇಷ್ಟು ವರ್ಸ ಸುಮ್ಕಿದ್ದೆ. ಈ ಎಸ್ರಾದ್ರೆ ಕರೀಬೋದು ಬುಡಿ.”

ಜಗಲಿ ಪೂರ್ತಿ ನಗು. ಗೌಡ್ರು ಕಾಫಿ ಮುಗಿಸಿದ್ರು. ಆಮೇಲೆ ಲೋಟ ಕೆಳಗಿಟ್ಟು ನನ್ನ ಕಡೆ ತಿರುಗಿದ್ರು.

“ಡಬ್ಬಿ ಇರ್ಲಿ. ಎಸ್ರು ಮಾತ್ರ ನಮ್ಮನೆಯೋಳ್ಗೆ ಓದಕ್ಕೆ ಬರ್ದೇ ಇರೋ ಭಾಸೇಲಿ ಹಾಕು.”