ಹಳದಿ ಎಲೆಗೆ ಮೂರನೆಯ ಉತ್ತರ

ನಾನು ತಾಳ್ಮೆಯ ಮನುಷ್ಯ ಎಂದು ಬಹಳ ಕಾಲ ನಂಬಿದ್ದೆ. ಹಾಗೆ ನಂಬುವುದಕ್ಕೆ ನನ್ನ ಹತ್ತಿರ ಪುರಾವೆಯೂ ಇತ್ತು. ವಾಡಿ ಜಂಕ್ಷನ್ನಿನ ವಿಚಾರಣೆ ಕಿಟಕಿಯ ಹಿಂದೆ ಕೂತು ಇಪ್ಪತ್ತೇಳು ವರ್ಷ ಒಂದೇ ಪ್ರಶ್ನೆಗೆ ಉತ್ತರ ಹೇಳಿದವನು ನಾನು. "ಗಾಡಿ ಎಷ್ಟನೇ ಪ್ಲಾಟ್‌ಫಾರ್ಮಿಗೆ ಬರ್ತದ್ರಿ?" ತಲೆಯ ಮೇಲೆ ದೊಡ್ಡ ಅಕ್ಷರದ ಫಲಕ ಇದ್ದರೂ ಜನ ಅದಕ್ಕೆ ಬೆನ್ನು ಮಾಡಿ ನನ್ನನ್ನೇ ಕೇಳುತ್ತಿದ್ದರು. ಒಬ್ಬರಿಗೆ ಹೇಳಿ ಮುಗಿಸುವಷ್ಟರಲ್ಲಿ, ಪಕ್ಕದಲ್ಲೇ ನಿಂತು ಅದನ್ನು ಕೇಳಿಸಿಕೊಂಡವರು ಮತ್ತೆ ಅದನ್ನೇ ಕೇಳುತ್ತಿದ್ದರು. ನಾನು ಒಮ್ಮೆಯೂ ರೇಗಿದವನಲ್ಲ. ನಿವೃತ್ತಿಯ ದಿನ ಹಾರ ಹಾಕಿದವರು ಭಾಷಣದಲ್ಲಿ ಅದನ್ನೇ ಹೊಗಳಿದರು. ನನ್ನ ಬಗ್ಗೆ ಹೇಳಲು ಅವರಿಗೆ ಬೇರೇನೂ ಸಿಕ್ಕಿರಲಿಲ್ಲ ಎಂಬುದು ಬೇರೆ ಮಾತು. ಅಂಥ ನಾನು, ಒಂದೇ ಪ್ರಶ್ನೆಯನ್ನು ಐದು ಸಲ ಕೇಳಿದರೆಂದು ನಾಲವಾರದ ಒಬ್ಬ ದರ್ಜಿಯನ್ನು ನಮ್ಮ ಗುಂಪಿನಿಂದ ಹೊರಗೆ ಹಾಕಿದೆ.

ಗುಂಪು ಎಂದರೆ ಮೊಬೈಲಿನ ಗುಂಪು. ಕೆಲಸ ಬಿಟ್ಟ ಮೇಲೆ ಹೊತ್ತು ಹೋಗದೆ ನಾನೇ ಕಟ್ಟಿದ್ದು. ಹೆಸರು 'ಅಂಗಳದ ಹೂ ಬಳಗ'. ಸೇಡಂ, ಚಿತ್ತಾಪುರ, ಶಹಾಬಾದ, ಚಿಂಚೋಳಿ ಅಂತ ಸುತ್ತಲಿನ ಊರುಗಳಲ್ಲಿ ಮನೆ ಮುಂದೆ ನಾಲ್ಕು ಕುಂಡ ಇಟ್ಟುಕೊಂಡವರೆಲ್ಲ ಒಬ್ಬೊಬ್ಬರಾಗಿ ಸೇರಿದರು. ಮುಖ್ಯಸ್ಥ ನಾನು. ಇಲ್ಲಿ ಒಂದು ಗುಟ್ಟನ್ನು ಹೇಳಿಬಿಡಬೇಕು. ನಮ್ಮ ಮನೆಯಲ್ಲಿ ಗಿಡ ಬೆಳೆಸುವವಳು ನನ್ನ ಹೆಂಡತಿ ಮಹಾದೇವಿ. ನಾನು ಅವುಗಳ ಫೋಟೊ ತೆಗೆದು ಗುಂಪಿಗೆ ಹಾಕುವವನು. ಹೂವಿನ ಪಕ್ಕದಲ್ಲಿ ನನ್ನ ಮುಖ ಇರುತ್ತಿದ್ದುದರಿಂದ ಬೆಳೆಸಿದವನೂ ನಾನೇ ಎಂದು ಜನ ತಿಳಿದರು. ತಿದ್ದುವ ಅವಸರ ನನಗೂ ಇರಲಿಲ್ಲ.

ಹೊಸಬರು ಬಂದ ಹಾಗೆ ಪ್ರಶ್ನೆಗಳೂ ಬಂದವು. ಒಂದು ತಿಂಗಳಲ್ಲಿ ನನಗೆ ತಿಳಿದದ್ದೇನೆಂದರೆ, ಜನ ಬೇರೆ ಬೇರೆಯಾದರೂ ಪ್ರಶ್ನೆಗಳು ಇರುವುದು ನಾಲ್ಕೈದೇ. ಮೊಗ್ಗು ಯಾಕ ಉದುರತಾವ? ಇರುವೆ ಯಾಕ ಬರತಾವ? ಎಲ್ಲಕ್ಕಿಂತ ಹೆಚ್ಚಾಗಿ, "ಸರ್, ಎಲಿ ಯಾಕ ಹಳದಿ ಆಗ್ಲಿಕತ್ತಾವ?" ಮೊದಮೊದಲು ಪ್ರತಿಯೊಬ್ಬರಿಗೂ ಹೊಸದಾಗಿ ಬರೆದೆ. ಆಮೇಲೆ ಉತ್ತರಗಳನ್ನು ಒಮ್ಮೆ ಅಚ್ಚುಕಟ್ಟಾಗಿ ಬರೆದಿಟ್ಟು ನಂಬರು ಕೊಟ್ಟೆ. ಹಳದಿ ಎಲೆಗೆ ಮೂರನೆಯ ಉತ್ತರ: 'ಹದಿನೈದು ದಿನಕ್ಕೊಮ್ಮೆ ಬುಡಕ್ಕೆ ಒಂದು ಹಿಡಿ ಸುಣ್ಣದ ಪುಡಿ ಹಾಕಿ, ಮಣ್ಣು ಕೆದಕಿ ನೀರು ಬಿಡಿ.' ಮೊಬೈಲಿನಲ್ಲಿ ಯಾರೋ ತೋಟಗಾರರು ಬರೆದದ್ದನ್ನು ಎತ್ತಿಕೊಂಡಿದ್ದೆ. ಭಾಷೆ ಚೆನ್ನಾಗಿತ್ತು. ಯಾರಾದರೂ ಕೇಳಿದ ತಕ್ಷಣ ಅದನ್ನು ಒತ್ತುತ್ತಿದ್ದೆ. ಇನ್ನೂ ಹಳದಿ ಇದೆ ಎಂದರೆ 'ಮೇಲೆ ನೋಡಿ' ಎನ್ನುತ್ತಿದ್ದೆ. ಕ್ರಮೇಣ 'ಮೇಲೆ' ಎಂಬ ಒಂದೇ ಶಬ್ದ ಸಾಕಾಯಿತು.

ಈ ಹೊತ್ತಿನಲ್ಲಿ ಬಂದವರು ನಾಲವಾರದ ಖಾಸಿಂಸಾಬರು. ದರ್ಜಿ ಕೆಲಸ, ವಯಸ್ಸು ನನ್ನದೇ ಇರಬೇಕು. ಅವರು ಬರೆಯುತ್ತಿರಲಿಲ್ಲ, ಧ್ವನಿಯಲ್ಲಿ ಕೇಳುತ್ತಿದ್ದರು. ಹಿಂದೆ ಹೊಲಿಗೆ ಯಂತ್ರದ ಸದ್ದು. "ಸಲಾಂ ಸಾಹೇಬ್ರ. ನಮ್ಮ ಮಲ್ಲಿಗಿ ಗಿಡದ್ದು ಎಲಿ ಹಳದಿ ಆಗ್ಯಾವ್ರಿ. ಜರಾ ಹೇಳ್ರಿ." ನಾನು ಮೂರನೆಯ ಉತ್ತರ ಕಳಿಸಿದೆ. ಹದಿನೈದು ದಿನ ಬಿಟ್ಟು ಮತ್ತೆ ಅದೇ. "ಹಾಕೀನ್ರಿ. ಇನ್ನೂ ಭಾಳ ಹಳದಿ ಆಗ್ಯದ." ಮೇಲೆ ನೋಡಿ ಎಂದೆ. ಮೂರನೆಯ ಸಲ, ನಾಲ್ಕನೆಯ ಸಲ. ಐದನೆಯ ಸಲ ಅವರ ಧ್ವನಿ ಬಂದಾಗ ನಾನು ಊಟ ಮಾಡಿ ಆಗಷ್ಟೇ ಅಡ್ಡಾಗಿದ್ದೆ. ಎದ್ದು ಕೂತು, 'ಕೊಟ್ಟ ಉತ್ತರ ಓದಲಾರದವರಿಗೆ ಈ ಬಳಗ ಅಲ್ಲ' ಎಂದು ಬರೆದು ಅವರನ್ನು ತೆಗೆದುಹಾಕಿದೆ. ನಾಲ್ಕಾರು ಜನ ಕೈ ಮುಗಿದ ಚಿತ್ರ ಹಾಕಿದರು. ಶಿಸ್ತು ಅಂದರೆ ಹೀಗಿರಬೇಕು ಎಂದುಕೊಂಡು ಮತ್ತೆ ಮಲಗಿದೆ.

ಮೂರು ದಿನದ ಮೇಲೆ ಬೆಳಿಗ್ಗೆ ಬಾಗಿಲಲ್ಲಿ ಒಬ್ಬರು ನಿಂತಿದ್ದರು. ಬಿಳಿ ಟೋಪಿ, ಕುತ್ತಿಗೆಯಲ್ಲಿ ಅಳತೆಯ ಟೇಪು ಹಾಗೇ ಉಳಿದಿತ್ತು. ಧ್ವನಿ ಕೇಳಿದ ಕೂಡಲೇ ಗುರುತು ಸಿಕ್ಕಿತು. ಸ್ಟೇಷನ್ನಿನಲ್ಲಿ ನನ್ನ ಹೆಸರು ಹೇಳಿ ಮನೆ ವಿಚಾರಿಸಿಕೊಂಡು ಬಂದಿದ್ದರು.

"ಸಾಹೇಬ್ರ, ಮಾಫ್ ಮಾಡ್ರಿ," ಎಂದರು. "ನಾ ಹೊಸಬ. ಮೊಬೈಲಿನ್ಯಾಗ ಏನೋ ತಪ್ಪು ಒತ್ತೀನಿ. ನಿಮ್ಮ ಬಳಗನೇ ಹೋಗಿಬಿಟ್ಟದ. ಜರಾ ಮತ್ತ ಸೇರಸ್ರಿ."

ನಾನು ಅವರ ಮುಖ ನೋಡದೆ, "ಆಗ್ತದ್ರಿ, ಹೊಸಬ್ರಿಗೆ ಹಂಗ ಆಗ್ತದ. ಬರ್ರಿ, ಕುಂದ್ರಿ," ಎಂದೆ. ಒಂದು ಸುಳ್ಳನ್ನು ಇಷ್ಟು ಸಲೀಸಾಗಿ ಹೇಳಬಲ್ಲೆ ಎಂದು ನನಗೂ ತಿಳಿದಿರಲಿಲ್ಲ.

ಅವರು ಕರವಸ್ತ್ರ ಬಿಚ್ಚಿ ನಾಲ್ಕು ಎಲೆ ತೋರಿಸಿದರು. ನರಗಳಷ್ಟೇ ಹಸಿರು, ಉಳಿದದ್ದೆಲ್ಲ ಹಳದಿ. ಅಷ್ಟರಲ್ಲಿ ಮಹಾದೇವಿ ಚಹಾ ತಂದಳು. ಎಲೆ ನೋಡಿ ಕಪ್ಪು-ಬಸಿ ಕೆಳಗಿಟ್ಟಳು.

"ಇದಕ್ಕ ಏನ್ ಹಾಕ್ಲಿಕತ್ತೀರಿ?"

"ಸುಣ್ಣ ಅಕ್ಕಾ. ಹದಿನೈದು ದಿನಕ್ಕೊಮ್ಮಿ. ಬರೋಬ್ಬರಿ ಒಂದು ಹಿಡಿ."

"ಅಯ್ಯ ಶಿವನ! ಸುಣ್ಣ ಹಾಕು ಅಂತ ಯಾರು ಹೇಳ್ಯಾರ?"

ಖಾಸಿಂಸಾಬರು ಬಹಳ ಮರ್ಯಾದೆಯಿಂದ ನನ್ನ ಕಡೆ ಕೈ ತೋರಿಸಿದರು. ಮಹಾದೇವಿ ನನ್ನನ್ನು ನೋಡಿದಳು. ನಾನು ಚಹಾ ನೋಡಿದೆ.

"ನಮ್ಮ ನೆಲದಾಗೇ ಸುಣ್ಣದ ಕಲ್ಲು ತುಂಬ್ಯದ," ಎಂದಳು. "ರಾವೂರ ಕಲ್ಲಿನ ಖಣಿ ಕಡಿಂದ ಗಾಳಿ ಬಂದ್ರ ಅಂಗಳದಾಗೂ ಅದೇ ಧೂಳ. ಬೋರಿನ ನೀರು ಕಾಸಿದ್ರ ಪಾತೇಲಿ ಒಳಗ ಬೆಳ್ಳಗ ಹೆಪ್ಪುಗಟ್ತದ. ಮ್ಯಾಲ ಮತ್ತ ಸುಣ್ಣ ಹಾಕಿದ್ರ ಗಿಡ ಹೆಂಗ ಬದುಕಬೇಕು? ನಾ ಹುಣಸಿಹಣ್ಣು ತೊಳದ ನೀರು, ಹುಳಿ ಮಜ್ಜಿಗಿ ನೀರು ಹಾಕ್ತೀನಿ. ಮಳಿ ನೀರು ಹಿಡದಿಡ್ತೀನಿ."

"ಇದನ್ನ ನನಗ ಯಾಕ ಹೇಳಲಿಲ್ಲ?" ಎಂದೆ.

"ನೀವು ನನಗ ಕೇಳಿದ್ರೇನು?"

ಆಮೇಲೆ ಹುಡುಕಿ ನೋಡಿದೆ. ಆ ತೋಟಗಾರರು ಬರೆದದ್ದು ಸದಾ ಮಳೆ ಬಿದ್ದು ಮಣ್ಣು ಹುಳಿಯಾದ ಯಾವುದೋ ದೂರದ ಸೀಮೆಗೆ. ಅವರ ತಪ್ಪೇನೂ ಇರಲಿಲ್ಲ. ಮೊದಲ ಸಾಲಿನಲ್ಲೇ ಅದನ್ನು ಹೇಳಿದ್ದರು. ಎತ್ತಿಕೊಳ್ಳುವಾಗ ಆ ಸಾಲನ್ನು ಬಿಟ್ಟವನು ನಾನು. ಇನ್ನೊಂದು ವಿಷಯ ಅದಕ್ಕಿಂತ ಹೆಚ್ಚು ಚುಚ್ಚಿತು. ಇಷ್ಟು ದಿನ ಜನ ಒಂದೇ ಪ್ರಶ್ನೆ ಕೇಳುತ್ತಿದ್ದಾರೆ ಎಂದು ನಾನು ಬೇಸರಪಟ್ಟಿದ್ದೆ. ಅವರು ಕೇಳುತ್ತಲೇ ಇರಲಿಲ್ಲ, ನಿನ್ನ ಉತ್ತರದಿಂದ ಗಿಡ ಸಾಯುತ್ತಿದೆ ಎಂದು ವರದಿ ಕೊಡುತ್ತಿದ್ದರು. ಕಿಟಕಿಯ ಹಿಂದೆ ಕೂತಾಗ ಗಾಡಿ ಇವತ್ತು ಎರಡನೆಯ ಪ್ಲಾಟ್‌ಫಾರ್ಮಿಗೆ, ನಾಳೆ ನಾಲ್ಕನೆಯದಕ್ಕೆ. ಹಾಗಾಗಿ ಪ್ರತಿ ಸಲ ತಲೆ ಎತ್ತಿ ನೋಡಿಯೇ ಹೇಳಬೇಕಿತ್ತು. ಅಲ್ಲಿ ನನ್ನಲ್ಲಿದ್ದದ್ದು ತಾಳ್ಮೆಯೇ ಆಗಿರಲಿಲ್ಲ, ಹೆದರಿಕೆ. ತಪ್ಪು ಹೇಳಿದರೆ ಗಾಡಿ ತಪ್ಪಿಸಿಕೊಂಡವರು ತಿರುಗಿ ಬಂದು ಬೈಯುತ್ತಾರೆ ಎಂಬ ಹೆದರಿಕೆ. ಗಿಡ ಸತ್ತವರು ಯಾರೂ ತಿರುಗಿ ಬರುವುದಿಲ್ಲ, ಖಾಸಿಂಸಾಬರ ಹೊರತು.

ಮರುದಿನ ಮಹಾದೇವಿ ಕೊಟ್ಟ ಹಳೆಯ ಗೊಬ್ಬರದ ಚೀಲ ಹಿಡಿದು ಪ್ಯಾಸೆಂಜರ್ ಗಾಡಿಯಲ್ಲಿ ನಾಲವಾರಕ್ಕೆ ಹೋದೆ. ಒಂದೇ ಕೋಣೆಯ ಉದ್ದನೆಯ ಮನೆ. ಮುಂದೆ ಹೊಲಿಗೆ ಯಂತ್ರ, ಹಿಂದೆ ಕಿಟಕಿಯ ಕೆಳಗೆ ಮಂಚ. ಮಂಚದ ಮೇಲೆ ಅವರ ಹೆಂಡತಿ ಜೈತುನ್‌ಬಿ. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದಿತ್ತು. ಮತ್ತೆ ನಡೆಯುವುದು ಕಷ್ಟ ಎಂದು ಡಾಕ್ಟರರು ಹೇಳಿದ್ದರಂತೆ. ಮಲ್ಲಿಗೆ ಗಿಡ ಆ ಕಿಟಕಿಯ ಹೊರಗೇ ಇತ್ತು. ಮದುವೆಯಾಗಿ ಬಂದ ವರ್ಷ ತವರಿನಿಂದ ತಂದು ನೆಟ್ಟದ್ದು. ಓಣಿಯ ಯಾವ ಮನೆಯಲ್ಲಿ ಮದುವೆಯಾದರೂ ಹೂವು ಅಲ್ಲಿಂದಲೇ ಹೋಗುತ್ತಿತ್ತು. ಈಗ ಆಕೆಗೆ ದಿನವಿಡೀ ಕಾಣುವುದು ಅದೊಂದೇ ಗಿಡ. ಅದು ಕಣ್ಣೆದುರಿಗೇ ಹಳದಿಯಾಗುತ್ತಿತ್ತು.

"ನಾ ಮೊದಲೇ ಬ್ಯಾಡ ಅಂದಿದ್ದೆ ಅಣ್ಣಾರ," ಎಂದಳು ಆಕೆ ಮಲಗಿದಲ್ಲಿಂದಲೇ. "ಇಷ್ಟು ವರ್ಷ ಸುಣ್ಣ ಇಲ್ದೇ ಬೆಳದದ. ಇವರು ಕೇಳಲಿಲ್ಲ. ದೊಡ್ಡ ಮಂದಿ ಹೇಳ್ಯಾರ, ನಿನಗೇನ್ ಗೊತ್ತದ, ಅಂದ್ರು."

ಖಾಸಿಂಸಾಬರು ತಲೆ ತಗ್ಗಿಸಿದರು. ಅಡಿಗೆ, ನೀರು, ಹೆಂಡತಿಯ ಆರೈಕೆ ಎಲ್ಲವನ್ನೂ ಮಾಡುತ್ತಿದ್ದ ಆ ಮನುಷ್ಯ ಗಿಡವೊಂದನ್ನಾದರೂ ಉಳಿಸಿ ತೋರಿಸಬೇಕೆಂದು ನನ್ನನ್ನು ನಂಬಿದ್ದರು. ನಾವಿಬ್ಬರೂ ಹೊರಗೆ ಕೂತು ಬುಡದ ಮಣ್ಣು ತೆಗೆಯತೊಡಗಿದೆವು. ಬೆಳ್ಳಗೆ ಗಟ್ಟಿಯಾದ ಪದರ ಕೈಗೆ ಹತ್ತಿತು. ಐದು ಹಿಡಿ. ಅಲ್ಲಿ ನನಗೆ ತಡೆಯಲಾಗಲಿಲ್ಲ.

"ಖಾಸಿಂಸಾಬ, ನೀವೇನೂ ತಪ್ಪು ಒತ್ತಿರಲಿಲ್ಲ. ನಾನೇ ನಿಮ್ಮನ್ನ ತೆಗೆದು ಹಾಕಿದ್ದೆ."

ಅವರು ಕೆದಕುವುದನ್ನು ನಿಲ್ಲಿಸಲಿಲ್ಲ. "ಗೊತ್ತದ್ರಿ," ಎಂದರು. "ನೀವು ಬರದದ್ದು ಪಕ್ಕದ ಅಂಗಡಿಯವರು ಓದಿ ಹೇಳಿದ್ರು."

"ಮತ್ತ ಹಂಗ್ಯಾಕ ಹೇಳಿದ್ರಿ, ತಪ್ಪು ಒತ್ತೀನಿ ಅಂತ?"

"ನಿಮ್ಮ ಮನಿ ಬಾಗಿಲಿಗೆ ಬಂದು, ನೀವೇ ತೆಗೆದೀರಿ ಅಂದ್ರ ನಿಮಗ ಶರಮ್ ಆಗ್ತದ. ಶರಮ್ ಆದ ಮನಶಾ ಒಳಗ ಕರೀತಾನೇನ್ರಿ? ನನಗ ಗಿಡದ್ದು ಫಿಕರ್ ಇತ್ತು."

ಮಣ್ಣು ಬದಲಾಯಿಸಿ, ಹುಳಿ ಮಜ್ಜಿಗೆಯ ನೀರು ಹಾಕಿದೆವು. ಕಿಟಕಿಯೊಳಗಿನಿಂದ ಜೈತುನ್‌ಬಿ, "ಅಲ್ಲಿ ಇನ್ನೂ ಬೆಳ್ಳಗ ಅದ, ಬಲಕ್ಕ, ಬಲಕ್ಕ," ಎಂದು ಹೇಳುತ್ತಿದ್ದಳು. ಹೇಳಿದ ಹಾಗೆ ಮಾಡಿದೆವು.

ಮನೆಗೆ ಬಂದು ಖಾಸಿಂಸಾಬರನ್ನು ಮತ್ತೆ ಸೇರಿಸಿ, ಗುಂಪಿನಲ್ಲಿ ಎಲ್ಲವನ್ನೂ ಬರೆದೆ. ಮೂರನೆಯ ಉತ್ತರ ತಪ್ಪು, ಖಾಸಿಂಸಾಬರನ್ನು ತೆಗೆದದ್ದು ಅದಕ್ಕಿಂತ ದೊಡ್ಡ ತಪ್ಪು, ಫೋಟೊದ ಹೂಗಳು ನನ್ನ ಹೆಂಡತಿಯವು. ಬೈಗುಳಕ್ಕೆ ಸಿದ್ಧನಾಗಿ ಕೂತೆ. ಯಾರೂ ಬೈಯಲಿಲ್ಲ, ಅದೇ ಕಷ್ಟವಾಯಿತು. ಶಹಾಬಾದದ ಒಬ್ಬರು ಬರೆದರು: "ನಮ್ಮವೂ ಎರಡು ಗಿಡ ಹೋದವ್ರಿ ಸರ್. ನಿಮಗ ಬೇಜಾರಾಗ್ತದಂತ ಹೇಳಿರಲಿಲ್ಲ." ಅದರ ಕೆಳಗೆ ಇನ್ನೊಬ್ಬರು, ಮತ್ತೊಬ್ಬರು. ಸೇಡಂದವರೊಬ್ಬರು ಸುಣ್ಣ ಹಾಕುವುದನ್ನು ಮೊದಲ ತಿಂಗಳೇ ಬಿಟ್ಟಿದ್ದರಂತೆ, ಆದರೂ ನಾನು ಕೇಳಿದಾಗಲೆಲ್ಲ ಹಾಕಿದೆವು ಎನ್ನುತ್ತಿದ್ದರು. ಅವರ ಗಿಡ ಮಾತ್ರ ಚೆನ್ನಾಗಿದೆ.

ಮಳೆಗಾಲ ಕಳೆಯಿತು. ಖಾಸಿಂಸಾಬರು ಮನೆಯ ತಗಡಿನ ಕೆಳಗೆ ಡ್ರಮ್ಮು ಇಟ್ಟು ನೀರು ಹಿಡಿದರು. ಚಿಗುರು ಹಸಿರಾಗಿ ಬಂದಿತು. ಜೈತುನ್‌ಬಿ ಎದ್ದು ನಡೆಯಲಿಲ್ಲ. ಆದರೆ ದಿಂಬಿಗೆ ಒರಗಿ ಕೂರುವಷ್ಟಾಗಿದ್ದಳು. ಬೇಸಿಗೆ ಕಾಲಿಡುವ ಹೊತ್ತಿಗೆ ಒಂದು ದಿನ ಫೋನು ಬಂತು. "ಬರ್ರಿ ಸಾಹೇಬ್ರ, ಜಲ್ದಿ ಬರ್ರಿ."

ಹೋದೆ. ಹೆಚ್ಚೇನಿಲ್ಲ, ಒಂದು ಬೊಗಸೆ ಹೂವು. ಖಾಸಿಂಸಾಬರು ತಮ್ಮ ದರ್ಜಿ ದಾರವನ್ನೇ ಕತ್ತರಿಸಿಕೊಟ್ಟರು. ಜೈತುನ್‌ಬಿ ಕೂತಲ್ಲೇ ಕಟ್ಟಿ ಗೇಣುದ್ದದ ಮಾಲೆ ಮಾಡಿ ಬಾಳೆ ಎಲೆಯಲ್ಲಿ ಸುತ್ತಿಕೊಟ್ಟಳು. "ಅಕ್ಕಗ ಕೊಡ್ರಿ. ನಿಮಗಲ್ಲ," ಎಂದಳು. ಮೊದಲ ಸಲ ಆಕೆ ನಗುವುದನ್ನು ಕಂಡೆ.

ಸಂಜೆ ಮಹಾದೇವಿ ಎಲೆ ಬಿಚ್ಚಿ ವಾಸನೆ ನೋಡಿ, "ಯಪ್ಪಾ, ಎಂಥಾ ಘಮ! ಇವು ಹೆಂಗ ಬೆಳದವಂತ?" ಎಂದಳು.

"ನಾನು ಹೇಳಿದ್ದು ಬಿಟ್ಟ ಮ್ಯಾಲ ಬೆಳದವು," ಎಂದೆ.

ಅವಳು ಮಾಲೆಯನ್ನು ಮುಡಿದುಕೊಂಡು, ನಾನು ಕೈಯಲ್ಲಿ ಹಿಡಿದಿದ್ದ ಮೊಬೈಲನ್ನು ನೋಡಿ, "ಫೋಟೊ ತೆಗೀರಿ," ಎಂದಳು. "ಈ ಸಲ ನೀವು ಅದರಾಗ ಬರಬ್ಯಾಡ್ರಿ."